ಬಿಗಿಯಮ್ಮನ ಬಿಲ್ಲೆಗಳು

ಬಿಗಿಯಮ್ಮ ಮುಚ್ಚಿದ ಡಬ್ಬಿಯನ್ನು ಬಿಗಿಯಮ್ಮನೇ ತೆರೆಯಬೇಕು. ಬೇರೆ ಯಾರೂ ಅದರಲ್ಲಿ ಗೆದ್ದ ದಾಖಲೆ ಆ ಮನೆಯಲ್ಲಿಲ್ಲ. ಅವಳು ನಿಲ್ಲಿಸುವ ನಲ್ಲಿಯ ವಾಷರ್ ವರ್ಷಕ್ಕೆ ಮೂರು ಸಲ ಬದಲಾಗುತ್ತದೆ. ಪಕ್ಕದ ಮನೆಯವರು ಒಮ್ಮೆ ಪ್ರಯಾಣ ಹೊರಟಾಗ ಪೆಟ್ಟಿಗೆಗೆ ಹಗ್ಗ ಕಟ್ಟಿಕೊಡಿ ಎಂದು ಬಂದಿದ್ದರು. ತಲುಪಿದ ಮೇಲೆ ಕತ್ತರಿ ಸಾಲದೆ ಗರಗಸ ಕೊಳ್ಳಬೇಕಾಯಿತಂತೆ. ಅವರು ಅದನ್ನು ದೂರಾಗಿ ಹೇಳಿದರು, ಬಿಗಿಯಮ್ಮ ಹೊಗಳಿಕೆಯಾಗಿ ತೆಗೆದುಕೊಂಡಳು. ಹೆತ್ತವರಿಟ್ಟ ಹೆಸರು ಸರ್ಕಾರಿ ಕಾಗದಗಳಲ್ಲಿ ಎಲ್ಲೋ ಇರಬಹುದು. ಐವತ್ತೆಂಟು ತುಂಬಿದ ಈ ಹೆಂಗಸನ್ನು ಆ ಹೆಸರಿನಿಂದ ಕರೆದರೆ ಅವಳೇ ಹಿಂದೆ ತಿರುಗಿ ಯಾರನ್ನು ಕರೆದರೋ ಎಂದು ನೋಡುತ್ತಾಳೆ.

ಇಂಥ ಕೈಗೆ ದೇವರು ತಕ್ಕ ಕೆಲಸವನ್ನೇ ಕೊಟ್ಟಿದ್ದ. ಗಂಡ ಹೆಂಡತಿ ಸೇರಿ ನಡೆಸುವ ಎರಡು ಕೋಣೆಯ ಕಾರ್ಖಾನೆಯಲ್ಲಿ ತೊಳೆಯುವ ತೊಟ್ಟಿಗಳು ತಯಾರಾಗುತ್ತವೆ. ಪುಟ್ಟ ಸ್ಟೀಲ್ ತೊಟ್ಟಿಗೆ ನೀರು ತುಂಬಿ, ಕೊಳೆಯಾದ ಕನ್ನಡಕವನ್ನೋ ಹಲ್ಲಿನ ಡಾಕ್ಟರ ಚಿಮಟವನ್ನೋ ಮುಳುಗಿಸಿ ಗುಂಡಿ ಒತ್ತಿದರೆ ಸಾಕು. ಕಿವಿಗೆ ನಿಲುಕದ ಒಂದು ಸದ್ದು ನೀರನ್ನು ಒಳಗಿಂದ ಅಲುಗಾಡಿಸಿ ಸಂದಿಗೊಂದಿಯ ಕೊಳೆಯನ್ನೆಲ್ಲ ಉದುರಿಸುತ್ತದೆ. ಆ ಸದ್ದನ್ನು ಹೊರಡಿಸುವುದು ತೊಟ್ಟಿಯ ತಳದಲ್ಲಿ ಕೂತ ಎರಡು ಪಿಂಗಾಣಿ ಬಿಲ್ಲೆಗಳು. ನಡುವೆ ತೂತಿರುವ, ಅಂಗೈಯಲ್ಲಿ ಹಿಡಿಸುವ ಬಿಲ್ಲೆಗಳು. ಇವು ಸಾಮಾನ್ಯ ಪಿಂಗಾಣಿಯಲ್ಲ. ವಿದ್ಯುತ್ತು ಹಾಯಿಸಿದರೆ ಹಿಗ್ಗಿ ಕುಗ್ಗಿ ಕುಣಿಯುತ್ತವೆ. ಒತ್ತಿದರೆ ತಾವೇ ವಿದ್ಯುತ್ತು ಹೊರಡಿಸುತ್ತವೆ. ಹಿಂದೊಮ್ಮೆ, ಮದುವೆಗೆ ಮುಂಚೆ, ಇಬ್ಬರೂ ಬೇರೊಬ್ಬರ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ ಬಿಗಿಯಮ್ಮ ಬಿಲ್ಲೆಯನ್ನು ಬಿಗಿಯುತ್ತಿದ್ದಳು. ಈಗ ಅವಳ ಗಂಡನಾದ, ಎಲ್ಲರೂ ಯಜಮಾನರು ಎನ್ನುವ ಮನುಷ್ಯ ಅದರ ತಂತಿ ಹಿಡಿದಿದ್ದರು. ಹೊಡೆದ ಹೊಡೆತಕ್ಕೆ ಅವರು ಮೇಜಿನ ಆಚೆ ಬದಿಗೆ ಹೋಗಿ ಕೂತರು. ಈ ಹುಡುಗಿಯ ಹತ್ತಿರ ಏನೋ ಇದೆ ಎಂದು ತನಗೆ ಅವತ್ತೇ ಗೊತ್ತಾಯಿತು ಎಂದು ಅವರು ಈಗಲೂ ಹೇಳುತ್ತಾರೆ. ಅವತ್ತಿನಿಂದ ಬಿಗಿಯುವ ಮುಂಚೆ ಎರಡು ತಂತಿಗಳನ್ನೂ ಒಂದಕ್ಕೊಂದು ಸುತ್ತಿಡುವುದು ರೂಢಿಯಾಯಿತು.

ಬಿಗಿಯಲೇಬೇಕು, ಅದು ಬೇರೆ ದಾರಿಯಿಲ್ಲದ ಮಾತು. ಪಿಂಗಾಣಿ ಒತ್ತಿದರೆ ತಡೆದುಕೊಳ್ಳುತ್ತದೆ, ಎಳೆದರೆ ಸೀಳಿಬಿಡುತ್ತದೆ. ಕುಣಿಯುವಾಗ ಸೀಳದಿರಲಿ ಎಂದು ಎರಡು ಬಿಲ್ಲೆಗಳನ್ನು ಲೋಹದ ಎರಡು ದಪ್ಪ ತುಂಡುಗಳ ನಡುವೆ ಪೇರಿಸಿ, ನಟ್ಟನಡುವೆ ಬೋಲ್ಟ್ ತೂರಿಸಿ ಬಿಗಿದಿಡುತ್ತಾರೆ. ಎಷ್ಟು ಬಿಗಿಯಬೇಕು ಎಂಬುದಕ್ಕೆ ಇವರ ಕಾರ್ಖಾನೆಯಲ್ಲಿ ಅಳತೆಯಿರಲಿಲ್ಲ. ಬಿಗಿಯಮ್ಮ ಇದ್ದಳಲ್ಲ. ನಾಲಿಗೆಯ ತುದಿಯನ್ನು ಬಾಯಿಯ ಮೂಲೆಗೆ ತಂದು, ಸ್ಪ್ಯಾನರನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯುವಳು. ಮೊಣಕೈ ‘ಹೂಂ, ಸಾಕು’ ಎಂದಾಗ ನಿಲ್ಲಿಸುವಳು. ಕಾರ್ಖಾನೆ ಶುರುವಾಗಿ ಇಪ್ಪತ್ತೆರಡು ವರ್ಷ ಮೊಣಕೈ ಒಮ್ಮೆಯೂ ತಪ್ಪು ಹೇಳಿರಲಿಲ್ಲ.

ಈಗ ಮೂರು ವಾರದಿಂದ ತೊಟ್ಟಿಗಳು ಮೂಕವಾಗಿ ಹುಟ್ಟುತ್ತಿದ್ದವು.

ಬಿಲ್ಲೆ ಒಡೆದಿಲ್ಲ, ಬಿರುಕಿಲ್ಲ, ತಂತಿ ಸರಿಯಿದೆ. ಗುಂಡಿ ಒತ್ತಿದರೆ ನೀರು ಮಾತ್ರ ಸುಮ್ಮನೆ ಕೂತಿರುತ್ತದೆ. ಆ ಬೆಳಿಗ್ಗೆ ಕಾಫಿ ಲೋಟ ಕೆಳಗಿಡುವ ಮುಂಚೆಯೇ ಬಿಗಿಯಮ್ಮ ತೀರ್ಪು ಕೊಟ್ಟಾಗಿತ್ತು.

“ರೀ, ಇವತ್ತು ನಾಲ್ಕು ಗಂಟೆಗೆ ಹಲ್ಲಿನ ಡಾಕ್ಟರಮ್ಮ ಬರ್ತಾರೆ. ಅವರು ಕೇಳಿರೋ ಆರು ತೊಟ್ಟಿನೂ ಅವರೆದುರಿಗೆ ಓಡಬೇಕು. ಓಡಲಿಲ್ಲ ಅಂದ್ರೆ ನಾನು ಸ್ಪ್ಯಾನರ್ ಪುಟ್ಟಿ ಕೈಗೆ ಕೊಟ್ಟು ಡಬ್ಬ ಕಟ್ಟೋ ಮೂಲೆಗೆ ಹೋಗ್ತೀನಿ. ಇದೇ ಕೊನೆ ಮಾತು.”

ಯಜಮಾನರು ಎಂದು ಕರೆಸಿಕೊಳ್ಳುವ, ಆದರೆ ಯಾವುದಕ್ಕೂ ಯಜಮಾನಿಕೆ ಮಾಡದ ಆ ಮನುಷ್ಯ ಲೋಟದೊಳಗೆ ನೋಡುತ್ತಾ ಕೇಳಿದರು. “ನೀನು ಡಬ್ಬ ಕಟ್ಟಿದ್ರೆ ಗಿರಾಕಿ ಬಿಚ್ಚೋದು ಹೇಗೆ?”

“ತಮಾಷೆ ಬೇಡ.”

“ತಮಾಷೆ ಅಲ್ವೇ, ನಿಜವಾದ ಚಿಂತೆ.”

ಬಿಗಿಯಮ್ಮನಿಗೆ ನಗು ಬರಲಿಲ್ಲ. ತೊಟ್ಟಿಗಳು ಏಕೆ ಮೂಕವಾದವು ಎಂದು ತನಗೆ ಚೆನ್ನಾಗಿ ಗೊತ್ತು ಎಂದು ಅವಳು ನಂಬಿದ್ದಳು. ಕೈ ಸೋತಿದೆ, ಅಷ್ಟೇ. ಹೋದ ವರ್ಷ ಬಲಭುಜ ಬಾಗಿಲ ಕೀಲು ತುಕ್ಕು ಹಿಡಿದ ಹಾಗೆ ಹಿಡಿದುಕೊಂಡಿತ್ತು. ತಲೆ ಬಾಚಲೂ ಆಗುತ್ತಿರಲಿಲ್ಲ. ವ್ಯಾಯಾಮ ಹೇಳಿಕೊಡುವ ಡಾಕ್ಟರು ಒಂದು ರಬ್ಬರ್ ಚೆಂಡು, ಒಂದು ರಬ್ಬರ್ ಪಟ್ಟಿ ಕೊಟ್ಟು ದಿನಕ್ಕೆ ಇಪ್ಪತ್ತು ಸಲ ಹಿಸುಕಿ, ಇಪ್ಪತ್ತು ಸಲ ಎಳೆಯಿರಿ ಎಂದರು. ಬಿಗಿಯಮ್ಮನ ಪ್ರಕಾರ ಇಪ್ಪತ್ತು ಎನ್ನುವುದು ಸೋಮಾರಿಗಳ ಲೆಕ್ಕ. ಅವಳು ಎಂಬತ್ತು ಎಳೆದಳು. ಆರು ತಿಂಗಳಿಗೆ ನೋವು ಹೋಯಿತು, ಡಾಕ್ಟರು ಇನ್ನು ಬರುವುದು ಬೇಡ ಎಂದರು. ಇವಳು ಎಂಬತ್ತನ್ನು ಬಿಡಲಿಲ್ಲ. ನೋವು ಹೋದರೂ ಅನುಮಾನ ಹೋಗಿರಲಿಲ್ಲ. ಮೊದಲ ತೊಟ್ಟಿ ಮೂಕವಾದ ದಿನ ಆ ಅನುಮಾನ ಎದ್ದು ಕೂತು, ನಾನು ಆಗಲೇ ಹೇಳಿರಲಿಲ್ಲವೇ ಎಂದಿತು.

ಆಮೇಲೆ ಅವಳು ಮಾಡಿದ ಕೆಲಸವಿದೆಯಲ್ಲ, ಅದನ್ನು ಹೇಳಲು ನನಗೇ ಸಂಕೋಚ. ಕೊಳಾಯಿ ರಿಪೇರಿಯವನ ಹತ್ತಿರ ಒಂದೂವರೆ ಅಡಿಯ ಕಬ್ಬಿಣದ ಪೈಪ್ ತುಂಡು ತಂದುಕೊಂಡಳು. ಸ್ಪ್ಯಾನರಿನ ಹಿಡಿಕೆಗೆ ಪೈಪ್ ತೂರಿಸಿ ಎಳೆದರೆ ಹಿಡಿಕೆ ಉದ್ದವಾಗಿ ಸೋತ ಕೈಯೂ ಗೆದ್ದ ಕೈಯಾಗುತ್ತದೆ. ಯಾರೂ ನೋಡಬಾರದು. ಅದಕ್ಕೆ ಪೈಪನ್ನು ಮಡಿಚಿದ ಕೊಡೆಯೊಳಗಿಟ್ಟು ದಿನಾ ಕಾರ್ಖಾನೆಗೆ ತರುತ್ತಿದ್ದಳು. ಮಳೆಯ ಸುಳಿವೇ ಇಲ್ಲದ ಕಾಲ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಯಜಮಾನರು ಎರಡು ದಿನ ಕೊಡೆಯನ್ನು, ಎರಡು ದಿನ ಆಕಾಶವನ್ನು ನೋಡಿ, ಇದರಲ್ಲಿ ತಾನು ತಲೆ ಹಾಕದಿರುವುದೇ ಕ್ಷೇಮ ಎಂದು ಸುಮ್ಮನಾದರು. ಪೈಪ್ ಬಂದ ಮೇಲೂ ತೊಟ್ಟಿಗಳು ಮೂಕವೇ. ಹಾಗಾದರೆ ಕೈ ತಾನೆಣಿಸಿದ್ದಕ್ಕಿಂತಲೂ ಸೋತಿದೆ ಎಂದು ಬಿಗಿಯಮ್ಮ ಇನ್ನೂ ಜೋರಾಗಿ ಎಳೆದಳು.

ಅವತ್ತು ಬೆಳಿಗ್ಗೆ ಕೋಣೆಯ ನಡುವಿನ ಮೇಜಿನ ಮೇಲೆ ಆರು ಹೊಳೆಯುವ ತೊಟ್ಟಿಗಳಿದ್ದವು. ಪುಟ್ಟಿ ಮೊದಲನೆಯದಕ್ಕೆ ನೀರು ತುಂಬಿದಳು. ಪುಟ್ಟಿ ಎಂದರೆ ಬಿಗಿಯಮ್ಮನ ತಮ್ಮನ ಮಗಳು. ಇಪ್ಪತ್ತಾರು ವರ್ಷ, ಎಲೆಕ್ಟ್ರಾನಿಕ್ಸ್ ಓದಿ ಈ ಕಾರ್ಖಾನೆಗೆ ಸೇರಿ ಒಂದು ವರ್ಷ. ಹೆಸರಿಗೆ ಪುಟ್ಟಿ, ಎತ್ತರದಲ್ಲಿ ಬಾಗಿಲಿಗೆ ತಲೆ ತಾಗುವವಳು. ಚಾಕೊಲೇಟು ಸುತ್ತುವಂಥ ತೆಳ್ಳಗಿನ ಅಲ್ಯೂಮಿನಿಯಂ ಹಾಳೆಯ ಚೂರೊಂದನ್ನು ನೀರಿನಲ್ಲಿ ನೇತುಬಿಟ್ಟು ಗುಂಡಿ ಒತ್ತಿದಳು. ಒಳ್ಳೆಯ ತೊಟ್ಟಿಯಾದರೆ ಅರ್ಧ ನಿಮಿಷದಲ್ಲಿ ಹಾಳೆಯ ತುಂಬ ಸಣ್ಣ ಸಣ್ಣ ತೂತು ಬೀಳಬೇಕು. ಇದು ಎರಡು ನಿಮಿಷವಾದರೂ ಹೊಸದಾಗಿಯೇ ಹೊರಬಂತು.

“ಒಂದು ಸುಕ್ಕೂ ಇಲ್ಲ,” ಎಂದರು ಯಜಮಾನರು. “ಬೇಕಾದ್ರೆ ಮತ್ತೆ ಸುತ್ತಿಡಬಹುದು.”

ಆರೂ ಹಾಗೆಯೇ. ಪುಟ್ಟಿ ಫೋನೆತ್ತಿ ಬಿಲ್ಲೆ ಮಾಡುವ ಕಾರ್ಖಾನೆಯವರ ಮೇಲೆ ಹರಿಹಾಯ್ದಳು. ಆ ಕಡೆಯವರು ಪೂರ್ತಿ ಕೇಳಿಸಿಕೊಂಡು, ಅಮ್ಮಾ ನಮ್ಮ ಬಿಲ್ಲೆ ಸರಿಯಿದೆ, ನೀವು ಎಷ್ಟು ಒತ್ತಡದಲ್ಲಿ ಬಿಗೀತೀರಿ ಎಂದು ಕೇಳಿದರು. ಪುಟ್ಟಿ ಪೆನ್ನಿಗಾಗಿ ತಡಕಾಡಿದಳು. ಅತ್ತೆಯ ಮೊಣಕೈ ಹೂಂ ಅನ್ನುವಷ್ಟು ಎಂದು ಅವರಿಗೆ ಹೇಳುವುದು ಹೇಗೆ? ಅವರು ಮುಂದೆ ಹೇಳಿದ್ದನ್ನೆಲ್ಲ ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡು ಫೋನ್ ಇಟ್ಟಳು.

“ಅತ್ತೆ, ಒಂದು ಸುಲಭದ ಉಪಾಯ ಇದೆ,” ಎಂದಳು. “ಒತ್ತಿದ್ರೆ ಬಿಲ್ಲೆ ವಿದ್ಯುತ್ತು ಕೊಡತ್ತಲ್ಲ, ಅದನ್ನ ನಾವು ಇಷ್ಟು ವರ್ಷ ತಂತಿ ಸುತ್ತಿ ಹಾಳು ಮಾಡ್ತಾ ಇದ್ವಿ. ಸುತ್ತೋದು ಬಿಟ್ಟು ಒಂದು ಕೆಪಾಸಿಟರ್ ಒಳಗೆ ಹಿಡಿದಿಟ್ಟು ಮೀಟರ್ ಹಾಕಿದ್ರೆ, ಎಷ್ಟು ಬಿಗಿಯಾಗಿದೆ ಅಂತ ಬಿಲ್ಲೆನೇ ಹೇಳತ್ತೆ.”

ಬಿಲ್ಲೆಯೇ ಹೇಳುತ್ತದೆ! ಬಿಗಿಯಮ್ಮನ ಕಣ್ಣು ಮೂಲೆಯ ಕೊಡೆಯ ಕಡೆ ಹೋಯಿತು. ಇಷ್ಟು ದಿನ ಕೊಡೆಯೊಳಗಿದ್ದ ಗುಟ್ಟನ್ನು ಈಗ ಎರಡು ತುಂಡು ಪಿಂಗಾಣಿ ಊರಿಗೆಲ್ಲ ಡಂಗುರ ಸಾರಲಿತ್ತು.

ಪುಟ್ಟಿಗೆ ಮೊದಲು ಒಂದು ಒಳ್ಳೆಯ ಅಂಕಿ ಬೇಕಿತ್ತು. ಕಿಟಕಿಯ ಬಳಿ ಅವರದೇ ಹಳೆಯ ತೊಟ್ಟಿಯೊಂದಿತ್ತು. ಹತ್ತು ವರ್ಷದಿಂದ ಮನೆಯವರ ಕನ್ನಡಕಗಳನ್ನು ತೊಳೆಯುತ್ತಾ ಇನ್ನೂ ಗಟ್ಟಿಮುಟ್ಟಾಗಿತ್ತು. ಅದರ ಬಿಲ್ಲೆಗಳ ತಂತಿಗೆ ಪುಟ್ಟಿ ಮೀಟರ್ ಹಾಕಿದಳು, ಯಜಮಾನರು ಸ್ಪ್ಯಾನರಿಗೆ ಜೋತುಬಿದ್ದು ತಳದ ಬೋಲ್ಟ್ ಸಡಿಲಿಸಿದರು. ಒತ್ತುವಾಗ ಎಷ್ಟು ಬರುತ್ತದೋ ಬಿಡುವಾಗಲೂ ಅಷ್ಟೇ ಉಲ್ಟಾ ಬರುತ್ತದೆ. ಒಂದು ಪಾಯಿಂಟ್ ಏಳು. ಪುಟ್ಟಿ ಆ ವೋಲ್ಟಿನ ಅಂಕಿಯನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದಳು. ಮೂಕ ತೊಟ್ಟಿಗಳನ್ನೂ ಒಂದೊಂದಾಗಿ ಸಡಿಲಿಸಿ ನೋಡಿದರು. ಸೊನ್ನೆಯ ಹತ್ತಿರ ಹತ್ತಿರ. ಯಾವುದೂ ಪಾಯಿಂಟ್ ಎರಡು ದಾಟಲಿಲ್ಲ.

“ಸಡಿಲ ಇತ್ತು, ಅದಕ್ಕೇ,” ಎಂದಳು ಬಿಗಿಯಮ್ಮ ಮೆಲ್ಲಗೆ.

“ಹಾಗೆ ಹೇಳಕ್ಕಾಗಲ್ಲ ಅತ್ತೆ. ಬಿಲ್ಲೆಗೇ ಜೀವ ಇಲ್ಲ ಅನ್ಸತ್ತೆ. ನೀವು ಹೊಸ ಜೋಡಿ ಒಂದನ್ನ ಬಿಗೀರಿ, ನಾನು ನೋಡ್ತೀನಿ.”

ಪೆಟ್ಟಿಗೆಯಲ್ಲಿ ಹೊಸ ಬಿಲ್ಲೆ ಇದ್ದದ್ದು ಹದಿನಾರು. ತೊಟ್ಟಿಗೆ ಎರಡರಂತೆ ಆರು ತೊಟ್ಟಿಗೆ ಹನ್ನೆರಡು ಬೇಕು. ಪುಟ್ಟಿ ಎರಡು ಬಿಲ್ಲೆ ಪೇರಿಸಿ, ಲೋಹದ ತುಂಡುಗಳನ್ನಿಟ್ಟು, ಮೇಜಿಗೆ ಜೋಡಿಸಿದ ವೈಸಿನ ಇಕ್ಕಳಕ್ಕೆ ಸಿಕ್ಕಿಸಿ, ಮೀಟರಿನ ತಂತಿ ಹಚ್ಚಿ ಪಕ್ಕದಲ್ಲಿ ನಿಂತಳು. ಪೈಪ್ ಮೂಲೆಯ ಕೊಡೆಯಲ್ಲಿತ್ತು. ತೆಗೆಯುವಂತಿಲ್ಲ. ಬರಿಗೈಯಲ್ಲಿ ಎಷ್ಟಾದೀತು? ಒಂದರ ಹತ್ತಿರ ಹೋದರೆ ಪುಣ್ಯ ಎಂದುಕೊಂಡಳು ಬಿಗಿಯಮ್ಮ. ನಾಲಿಗೆ ಬಾಯಿಯ ಮೂಲೆಗೆ ಬಂತು. ಅಂಕಿಗಳನ್ನು ನೋಡಬಾರದೆಂದು ಗೋಡೆಯ ಕ್ಯಾಲೆಂಡರಿನ ಮೇಲೆ ಕಣ್ಣು ನೆಟ್ಟು ಎಳೆದಳು.

“ಒಂದು,” ಎಂದಳು ಪುಟ್ಟಿ. “ಒಂದೂವರೆ. ಒಂದು ಪಾಯಿಂಟ್ ಏಳು. ಬಂತು ಅತ್ತೆ, ಸಾಕು.”

ಮಗು ಕರುಣೆ ತೋರಿಸುತ್ತಿದೆ ಎಂದುಕೊಂಡಳು ಬಿಗಿಯಮ್ಮ. ಮೊಣಕೈ ಇನ್ನೂ ಹೂಂ ಅಂದಿಲ್ಲ. ಬೋಲ್ಟ್ ಬೆಣ್ಣೆಯಂತೆ ತಿರುಗುತ್ತಿದೆ. ಮುದುಕಿಯ ಮನಸ್ಸು ನೋಯಬಾರದೆಂದು ಬಾಯಿಗೆ ಬಂದ ಅಂಕಿ ಹೇಳುತ್ತಿದ್ದಾಳೆ. ಅವಳಿಗೆ ಸಿಟ್ಟು ಬಂತು, ಸಿಟ್ಟಿನ ಜೊತೆ ಇನ್ನಷ್ಟು ಎಳೆತವೂ ಬಂತು.

“ಅತ್ತೆ ಎರಡಾಯ್ತು. ಎರಡೂವರೆ. ಅತ್ತೆ ನಿಲ್ಸಿ. ಮಾವ, ಅತ್ತೆನ ಹಿಡ್ಕೊಳಿ.”

ಯಜಮಾನರಿಗೆ ಹೆಂಡತಿಯನ್ನು ಹಿಡಿದು ನಿಲ್ಲಿಸಿದ ಅನುಭವ ಮೂವತ್ತು ವರ್ಷದಲ್ಲಿ ಒಮ್ಮೆಯೂ ಇರಲಿಲ್ಲ. ಈಗ ಕಲಿಯುವ ಉತ್ಸಾಹವೂ ಇರಲಿಲ್ಲ. ಬಿಗಿಯಮ್ಮ ತಾನಾಗಿಯೇ ನಿಂತಾಗ ಮೀಟರಿನಲ್ಲಿ ಮೂರು ದಾಟಿತ್ತು. ಆಮೇಲೆ ಆದದ್ದು ಮೂವರೂ ಕಣ್ಣಾರೆ ನೋಡಿದ ಸಂಗತಿ. ಕೈ ನಿಂತಿತ್ತು, ಸ್ಪ್ಯಾನರ್ ಮೇಜಿನ ಮೇಲಿತ್ತು, ಅಂಕಿ ಮಾತ್ರ ನಿಲ್ಲಲಿಲ್ಲ. ಮೂರು ಪಾಯಿಂಟ್ ಎರಡು. ಮೂರು ಪಾಯಿಂಟ್ ನಾಲ್ಕು. ಮೂರು ಪಾಯಿಂಟ್ ಏಳು. ಯಾರೂ ಮುಟ್ಟದೆ ಅದು ತಾನಾಗಿ ತೆವಳಿಕೊಂಡು ಮೇಲೆ ಹೋಯಿತು, ನಿಧಾನವಾಯಿತು, ನಿಂತಿತು. ಬಿಲ್ಲೆ ತನ್ನೊಳಗೆ ಇದ್ದುದನ್ನೆಲ್ಲ ಮೀಟರಿಗೆ ಸುರಿದು ಬರಿದಾಗಿತ್ತು.

ಪುಟ್ಟಿ ಮೀಟರನ್ನು ನೋಡಿದಳು, ಅತ್ತೆಯ ತೋಳನ್ನು ನೋಡಿದಳು, ಮತ್ತೆ ಮೀಟರನ್ನು ನೋಡಿದಳು.

“ಅತ್ತೆ, ನಿಮ್ಮ ಕೈಗೆ ಏನಾಗಿದೆ?”

“ಗೊತ್ತು ಬಿಡೇ, ಸೋತಿದೆ.” ಬಿಗಿಯಮ್ಮ ಸ್ಪ್ಯಾನರನ್ನು ಅವಳ ಕಡೆ ತಳ್ಳಿದಳು. “ನಂಗೆ ಮೂರು ವಾರದಿಂದ ಗೊತ್ತು. ನೀನೇ ಇಟ್ಕೋ ಸ್ಪ್ಯಾನರ್.”

“ಸೋತಿದ್ಯಾ? ಹಳೇ ತೊಟ್ಟಿಗೆ ನೀವು ಹಾಕಿದ್ದು ಒಂದು ಪಾಯಿಂಟ್ ಏಳು. ಈಗ ಹಾಕಿರೋದು ಮೂರಕ್ಕೂ ಮೇಲೆ. ಹತ್ತು ವರ್ಷದ ಹಿಂದಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು. ಅತ್ತೆ, ನೀವು ಬಿಲ್ಲೆಗಳನ್ನ ಹಿಸುಕಿ ಸಾಯಿಸ್ತಾ ಇದೀರಿ.”

ಬಿಗಿಯಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಪುಟ್ಟಿ ಸ್ಟೂಲಿನ ಮೇಲೆ ಕೂರಿಸಿ ವಿವರಿಸಿದಳು. ಬಿಲ್ಲೆಯ ಒಳಗೆ ಲೆಕ್ಕವಿಲ್ಲದಷ್ಟು ಚೂರು ಚೂರು ಜಾಗಗಳಿವೆ, ಒಂದೊಂದಕ್ಕೂ ಒಂದು ದಿಕ್ಕು. ಹುಟ್ಟುವಾಗ ಒಂದು ಪೂರ್ವ, ಒಂದು ಪಶ್ಚಿಮ. ಬಿಲ್ಲೆ ಮಾಡುವವರು ಬಿಸಿ ಎಣ್ಣೆಯಲ್ಲಿಟ್ಟು, ಜೋರು ವಿದ್ಯುತ್ತು ಕೊಟ್ಟು ಎಲ್ಲವನ್ನೂ ಒಂದೇ ಕಡೆಗೆ ಎಬ್ಬಿಸಿ ನಿಲ್ಲಿಸುತ್ತಾರೆ. ಎಲ್ಲ ಒಟ್ಟಿಗೆ ನಿಂತಿರುವುದರಿಂದಲೇ ಒಟ್ಟಿಗೆ ಕುಣಿಯಲು ಆಗುವುದು.

“ನಿಂತಿರೋರ ತಲೆ ಮೇಲೆ ಒಂದಿಷ್ಟು ಭಾರ ಇಟ್ರೆ ತಡ್ಕೋತಾರೆ,” ಎಂದಳು. “ಜಾಸ್ತಿ ಇಟ್ರೆ ಅಡ್ಡಡ್ಡ ಮಲಗಿಬಿಡ್ತಾರೆ. ಆಮೇಲೆ ಭಾರ ತೆಗೆದ್ರೂ ಏಳಲ್ಲ. ಈಗ ಅಂಕಿ ತಾನಾಗಿ ಏರ್ತಲ್ಲ, ಅವು ಒಂದೊಂದೇ ಮಲಗಿದ್ದು ಅದು. ಒಡೆದಿಲ್ಲ ಬಿರಿದಿಲ್ಲ, ಅದಕ್ಕೇ ನಮಗೆ ಕಾಣ್ತಿರಲಿಲ್ಲ. ಆದ್ರೂ ಒಂದು ಅರ್ಥ ಆಗ್ತಿಲ್ಲ. ಇದೊಂದು ಜೋಡಿ ಸರಿ. ಅಷ್ಟೊಂದು ತೊಟ್ಟಿ ಪೂರ್ತಿ ಸೊನ್ನೆ ಆಗ್ಬೇಕು ಅಂದ್ರೆ ಇದಕ್ಕಿಂತಲೂ ಜೋರಾಗಿ ಎಳೆದಿರ್ಬೇಕು. ಅದು ಮನುಷ್ಯರ ಕೈಯಲ್ಲಿ ಆಗಲ್ಲ.”

ಯಜಮಾನರು ಎದ್ದು ಮೂಲೆಗೆ ಹೋದರು. ಕೊಡೆಯನ್ನು ತಂದು ಮೇಜಿನ ಮೇಲೆ ತಲೆಕೆಳಗಾಗಿ ಹಿಡಿದರು. ಪೈಪ್ ಠಣ್ ಎಂದು ಬಿದ್ದು, ಉರುಳಿಕೊಂಡು ಹೋಗಿ ಪುಟ್ಟಿಯ ಮುಂದೆ ನಿಂತಿತು.

“ಮಳೆ,” ಎಂದರು ಯಜಮಾನರು.

ಮೊದಲು ಪುಟ್ಟಿ ನಕ್ಕಳು. ನಗಬಾರದೆಂದು ತುಟಿ ಕಚ್ಚಿ, ಮೂಗಿನಿಂದ ಸದ್ದು ಹೊರಡಿಸಿ, ಕೊನೆಗೆ ಮೇಜಿಗೆ ತಲೆಯಿಟ್ಟು ನಕ್ಕಳು. ಯಜಮಾನರು ಗಂಭೀರವಾಗಿ ಕೊಡೆ ಬಿಡಿಸಿ ಹೆಂಡತಿಯ ತಲೆಯ ಮೇಲೆ ಹಿಡಿದರು. ಬಿಗಿಯಮ್ಮ ನಾಚಿಕೆಯಿಂದ ಕೆಂಪಾಗಿದ್ದಳು. ಆದರೆ ನಾಚಿಕೆಯ ಅಡಿಯಲ್ಲಿ ಬೇರೆ ಏನೋ ಗುಳುಗುಳು ಎಂದು ಮೇಲೆ ಬರುತ್ತಿತ್ತು. ಸೋತಿಲ್ಲ. ಕೈ ಸೋತಿಲ್ಲ. ಐವತ್ತೆಂಟರಲ್ಲಿ ಎರಡು ಪಟ್ಟು! ಮೂರು ವಾರ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಾ ಡಬ್ಬ ಕಟ್ಟುವ ಮೂಲೆಯನ್ನು ಕಣ್ಣಮುಂದೆ ತಂದುಕೊಂಡದ್ದೆಲ್ಲ ಯಾವುದಕ್ಕೆ? ಅವಳು ತೋಳು ಮಡಿಚಿ ತಾನೇ ಒತ್ತಿ ನೋಡಿಕೊಂಡಳು. ದಿನಕ್ಕೆ ಎಂಬತ್ತು ಸಲ ರಬ್ಬರ್ ಎಳೆದ ತೋಳು ಒಳ್ಳೆ ಕಲ್ಲಿನ ಹಾಗಿತ್ತು. ಸಂತೋಷಕ್ಕೆ ಏನು ಮಾಡಬೇಕೋ ತೋಚದೆ, ಖಾಲಿ ತೊಟ್ಟಿಯೊಂದನ್ನು ಒಂದೇ ಕೈಯಲ್ಲಿ ತಲೆಯ ಮೇಲೆತ್ತಿ ಮತ್ತೆ ಕೆಳಗಿಟ್ಟಳು.

ಸಂತೋಷ ಪಡಲು ಹೆಚ್ಚು ಹೊತ್ತಿರಲಿಲ್ಲ. ಹನ್ನೊಂದೂವರೆ. ಈಗ ಒಂದು ಜೋಡಿ ಮಲಗಿ, ಹದಿನಾಲ್ಕು ಬಿಲ್ಲೆ ಉಳಿದಿದ್ದವು. ಆರು ತೊಟ್ಟಿಗೆ ಆರು ಜೋಡಿ, ಮೇಲೊಂದು ಜೋಡಿ. ಎರಡು ಸಲ ತಪ್ಪಿದರೆ ಡಾಕ್ಟರಮ್ಮ ಐದೇ ತೊಟ್ಟಿ ನೋಡುತ್ತಾರೆ. ಬಿಗಿಯಮ್ಮ ಕೊನೆ ಮಾತು ಎಂದು ಹೇಳಿದ್ದು ಕೊನೆ ಮಾತೇ. ಅವಳು ಮಾತನ್ನೂ ಬಿಗಿಯಾಗಿಯೇ ಕಟ್ಟುತ್ತಾಳೆ, ಬಿಚ್ಚಲು ಅವಳಿಗೂ ಬರುವುದಿಲ್ಲ.

“ಸ್ಪ್ಯಾನರ್ ನೀನು ಹಿಡಿತೀಯಾ?” ಎಂದು ಪುಟ್ಟಿಯನ್ನು ಕೇಳಿದಳು.

“ನಾನು ಎಳೆದ್ರೆ ಪಾಯಿಂಟ್ ಎಂಟು ಬಂದ್ರೆ ಹೆಚ್ಚು. ನೀವೇ ಆಗ್ಬೇಕು ಅತ್ತೆ. ನಾನು ಸಾಕು ಅಂದಾಗ ಸಾಕು ಮಾಡಿ, ಅಷ್ಟೇ.”

ಅಷ್ಟೇ ಅಂತೆ. ಹೇಳಿದಷ್ಟು ಸುಲಭವೇ? ಇಷ್ಟು ದಿನ ಎಳೆಯುವುದು ಅವಳ ಕೆಲಸವಾಗಿತ್ತು, ಈಗ ನಿಲ್ಲಿಸುವುದು ಕೆಲಸವಾಯಿತು. ಮೊದಲ ಜೋಡಿಯಲ್ಲಿ ಪುಟ್ಟಿ ಸಾಕು ಎಂದಾಗ ಕೈ ನಿಂತರೂ ಭುಜ ಒಂದು ಚೂರು ಮುಂದೆ ಹೋಯಿತು. ಎರಡು. ಪರವಾಗಿಲ್ಲ, ಬದುಕುತ್ತದೆ ಎಂದಳು ಪುಟ್ಟಿ. ಬಿಗಿಯಮ್ಮನಿಗೆ ಮಾತ್ರ ಮೈಯೆಲ್ಲ ತುರಿಕೆ ಬಂದಂತಾಯಿತು. ಅರ್ಧ ಬಾಗಿಲು ಹಾಕಿ ಊರಿಗೆ ಹೊರಟ ಹಾಗೆ, ಮುಗಿಯದ ಕೆಲಸ ಬಿಟ್ಟು ಏಳುವ ಕಷ್ಟ ಅದು. ಎರಡನೆಯದರಲ್ಲಿ ನಿಲ್ಲಿಸಿದ ಮೇಲೆ ಸ್ಪ್ಯಾನರನ್ನು ತಕ್ಷಣ ಗಂಡನ ಕೈಗೆ ಕೊಟ್ಟಳು, ತನ್ನ ಬಳಿ ಇದ್ದರೆ ಇನ್ನೊಂದೆಳೆತ ಹಾಕಿಬಿಡುತ್ತೇನೆಂಬ ಹೆದರಿಕೆಗೆ. ಮೂರನೆಯದು ಒಂದು ಪಾಯಿಂಟ್ ಎಂಟು. ಯಜಮಾನರು ಒಂದೊಂದನ್ನೂ ತೊಟ್ಟಿಯ ತಳದ ತಿರುಪಿಗೆ ಕೂರಿಸಿ, ತಂತಿ ಬೆಸೆದು ಸಾಲಾಗಿ ಇಡುತ್ತಾ ಹೋದರು.

ನಾಲ್ಕನೆಯದು ಕೈಕೊಟ್ಟಿತು. ಎಳೆಯುತ್ತಿರುವಾಗ ಫೋನ್ ಹೊಡೆದು, ಪುಟ್ಟಿಯ ಕಣ್ಣು ಒಂದು ಗಳಿಗೆ ಆಚೆ ಹೋಯಿತು. ಮರಳಿ ನೋಡುವಷ್ಟರಲ್ಲಿ ಮೂರು, ಆಮೇಲೆ ಆ ಹಾಳು ತೆವಳಿಕೆ. ಮೇಲಿದ್ದ ಒಂದು ಜೋಡಿ ಹೀಗೆ ಹೋಯಿತು. ಫೋನ್ ಮಾಡಿದ್ದು ಡಾಕ್ಟರಮ್ಮನೇ. ಬೇಗ ಬಿಡುವಾಗಿದೆ, ಮೂರಕ್ಕೇ ಬರುತ್ತೇನೆ ಎಂದರು. ಊಟ ಎಂಬ ಶಬ್ದ ಅವತ್ತು ಆ ಕೋಣೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ.

ಡಾಕ್ಟರಮ್ಮ ಬಂದಾಗ ಐದು ತೊಟ್ಟಿ ಸಿದ್ಧವಾಗಿದ್ದವು, ಆರನೆಯದರ ಬಿಲ್ಲೆಗಳು ವೈಸಿನಲ್ಲಿದ್ದವು. ಡಾಕ್ಟರಮ್ಮ ಕುಳ್ಳಗೆ, ದುಂಡಗೆ, ಎದುರಿಗೆ ಇರುವವರ ಹಲ್ಲನ್ನು ನೋಡಿಕೊಂಡೇ ಮಾತಾಡುವ ಹೆಂಗಸು. ಅವರೆದುರು ಯಜಮಾನರು ಬಾಯಿ ಮುಚ್ಚಿಕೊಂಡೇ ನಗುತ್ತಿದ್ದರು. ಬಂದವರೇ ಚೀಲದಿಂದ ಮೂರು ವಾರದ ಹಿಂದೆ ಇಲ್ಲಿಂದಲೇ ಒಯ್ದ ತೊಟ್ಟಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

“ಇದರಲ್ಲಿ ನಾನು ಚಿಮಟ ಹಾಕಿದ್ರೆ ಚಿಮಟಕ್ಕೆ ತಂಪಾಗತ್ತೆ ಅಷ್ಟೇ,” ಎಂದರು. “ಇವತ್ತು ನನ್ನ ಕಣ್ಣೆದುರೇ ಓಡಿಸಿ. ಆರೂ.”

ಪುಟ್ಟಿ ಮೊದಲನೆಯದರಲ್ಲಿ ಹಾಳೆ ನೇತುಬಿಟ್ಟು ಗುಂಡಿ ಒತ್ತಿದಳು. ಅಷ್ಟೇ. ನೀರು ಒಮ್ಮೆ ಸೆಟೆದು, ಮೇಲ್ಮೈಯಲ್ಲಿ ಸಣ್ಣಗೆ ನಡುಗಿ, ಕಿವಿಗೆ ನಿಲುಕದ ಸದ್ದಿಗೆ ತಾನೇ ಜೀರುಂಡೆಯಂತೆ ದನಿಗೊಟ್ಟಿತು. ಮೂರು ವಾರದಿಂದ ಹೊಸ ತೊಟ್ಟಿಯೊಂದೂ ಹೊರಡಿಸದ ಸದ್ದು. ಪುಟ್ಟಿ ಹಾಳೆಯನ್ನೆತ್ತಿ ಕಿಟಕಿಗೆ ಹಿಡಿದಾಗ ತೂತು ತೂತುಗಳಿಂದ ಬಿಸಿಲು ತೂರಿ ಡಾಕ್ಟರಮ್ಮನ ಗಲ್ಲದ ಮೇಲೆಲ್ಲ ಚುಕ್ಕಿ ಚುಕ್ಕಿಯಾಗಿ ಬಿತ್ತು. ಎರಡನೆಯದು. ಮೂರನೆಯದು. ಯಜಮಾನರು ತೂತುಬಿದ್ದ ಹಾಳೆಗಳನ್ನು ಒಂದೊಂದಾಗಿ ಮೇಜಿನ ಅಂಚಿಗೆ ಅಂಟಿಸುತ್ತಾ ಬಂದರು. ಐದನೆಯದು ಮುಗಿಯುವಷ್ಟರಲ್ಲಿ ಮೇಜು ಹೊಸ ಪರದೆ ತೊಟ್ಟಿತ್ತು. ಡಾಕ್ಟರಮ್ಮ ತಮ್ಮ ಉಂಗುರ ತೆಗೆದು ತೊಟ್ಟಿಗೆ ಹಾಕಿ, ಅದರಿಂದ ಕೊಳೆ ಹೊಗೆಯಂತೆ ಏಳುವುದನ್ನು ನೋಡಿ ಚಪ್ಪಾಳೆ ತಟ್ಟಿದರು.

“ಆರನೇದು?”

“ಈಗ ಬಿಗೀತೀವಿ,” ಎಂದಳು ಪುಟ್ಟಿ. “ಎರಡೇ ನಿಮಿಷ. ಅತ್ತೆ, ನಾನು ಅಂಕಿ ಹೇಳ್ತೀನಿ.”

ಬಿಗಿಯಮ್ಮ ಸ್ಪ್ಯಾನರ್ ಹಿಡಿದಳು. ಹಿಡಿದು, ಬಿಟ್ಟಳು.

“ಮೀಟರ್ ಮುಖ ಆ ಕಡೆ ತಿರುಗಿಸು,” ಎಂದಳು. “ನೀನೂ ಬಾಯಿ ಬಿಡಬೇಡ.”

“ಅತ್ತೆ, ಕೊನೇ ಜೋಡಿ ಇದು. ಇನ್ನಿಲ್ಲ.”

“ಗೊತ್ತು.”

ಪುಟ್ಟಿ ಮಾವನನ್ನು ನೋಡಿದಳು. ಮಾವ ಛಾವಣಿ ನೋಡಿದರು. ಬಿಗಿಯಮ್ಮನ ಮನಸ್ಸಿನಲ್ಲಿ ಇದ್ದದ್ದು ಹಟವಲ್ಲ. ಐದು ಸಲ ಇನ್ನೊಬ್ಬರು ನಿಲ್ಲು ಎಂದಾಗ ನಿಂತಿದ್ದಳು. ನಾಳೆ ಪುಟ್ಟಿ ರಜೆ ಹಾಕಿದರೆ, ಇನ್ನೊಮ್ಮೆ ಫೋನ್ ಹೊಡೆದರೆ? ತನ್ನ ಕೈಗೆ ಎಲ್ಲಿ ನಿಲ್ಲಬೇಕೆಂದು ತಿಳಿಯದಿದ್ದರೆ ಈ ಕೆಲಸದ ಮೇಜು ತನ್ನದಲ್ಲ, ಅಂಕಿ ಹೇಳುವವರದ್ದು. ಅವಳಿಗೆ ಆ ಮೇಜು ಬೇಕಿತ್ತು. ತುಂಬ ಬೇಕಿತ್ತು. ಅದನ್ನು ಯಾರಿಗೂ ಹೇಳಲಿಲ್ಲ, ಸ್ಪ್ಯಾನರ್ ಎತ್ತಿ ಬೋಲ್ಟಿಗೆ ಕೂರಿಸಿದಳು.

ಎಳೆದಳು. ಬೆಳಗಿನಿಂದ ಒಂದು ಸಂಗತಿ ಗಮನಕ್ಕೆ ಬಂದಿತ್ತು. ಅಂಕಿ ಸರಿಯಿದ್ದಾಗ ಮೊಣಕೈಗೆ ಏನೂ ಅನಿಸುತ್ತಿರಲಿಲ್ಲ. ಹೆಬ್ಬೆರಳ ಬುಡದಲ್ಲಿ ಮಾತ್ರ ಒಂದು ಸಣ್ಣ ಜುಮ್. ಇಷ್ಟು ವರ್ಷ ಮೊಣಕೈಯ ಗದ್ದಲದಲ್ಲಿ ಅದು ಕೇಳಿಸಿಯೇ ಇರಲಿಲ್ಲ. ಅವಳು ನಾಲಿಗೆಯನ್ನು ಒಳಗೆಳೆದುಕೊಂಡು, ಉಸಿರು ಹಿಡಿದು ಹೆಬ್ಬೆರಳಿಗೆ ಕಿವಿಗೊಟ್ಟಳು. ಮೊಣಕೈ ‘ಇನ್ನೂ, ಇನ್ನೂ’ ಎನ್ನುತ್ತಿತ್ತು. ಭುಜ ‘ಇದೇನು ಇಷ್ಟಕ್ಕೇ’ ಎಂದು ಕಿಚಾಯಿಸಿತು. ಜುಮ್ ಬಂದಿತೋ, ಬಂದ ಹಾಗಾಯಿತೋ ತಿಳಿಯಲಿಲ್ಲ. ಬೋಲ್ಟ್ ಇನ್ನೂ ತಿರುಗಲು ಸಿದ್ಧವಾಗಿದೆ, ಕೈ ಎಳೆಯಲು ಸಿದ್ಧವಾಗಿದೆ ಎನ್ನುವಾಗ ಬಿಗಿಯಮ್ಮ ಬಿಟ್ಟುಬಿಟ್ಟಳು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಂದು ಹೆಜ್ಜೆ ಹಿಂದೆ ಸರಿದು ನಿಂತಳು.

ಪುಟ್ಟಿ ಮೀಟರಿನ ಹತ್ತಿರ ಬಗ್ಗಿದಳು. ಬಗ್ಗಿದವಳು ಏಳಲಿಲ್ಲ.

“ಹೇಳೇ,” ಎಂದಳು ಬಿಗಿಯಮ್ಮ.

“ಒಂದೂವರೆ.”

“ಅಂದ್ರೆ?”

“ಕಡಿಮೆ ಆಯ್ತು ಅತ್ತೆ.” ಪುಟ್ಟಿಗೆ ತನ್ನ ಮಾತನ್ನು ತಾನೇ ನಂಬಲಾಗಲಿಲ್ಲ. “ಇನ್ನೊಂದು ಚೂರು ಬಿಗಿ ಮಾಡಿ.”

ಇನ್ನೊಂದು ಚೂರು ಬಿಗಿ ಮಾಡಿ. ಬಿಗಿಯಮ್ಮ ಆ ಮಾತನ್ನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಯಜಮಾನರ ಕೈಯಿಂದ ಅಂಟುಪಟ್ಟಿಯ ಸುರುಳಿ ಜಾರಿ ನೆಲದ ಮೇಲೆ ಉರುಳಿತು. ಬಿಗಿಯಮ್ಮ ಮುಂದೆ ಬಂದು ಸ್ಪ್ಯಾನರಿಗೆ ಕೈ ಹಾಕಿದಳು, ಎಳೆಯಲು ಹೋದಳು, ಅಷ್ಟರಲ್ಲಿ ನಗು ಬಂತು. ಮೊದಲು ಹೊಟ್ಟೆಯಲ್ಲಿ, ಆಮೇಲೆ ಭುಜದಲ್ಲಿ, ಆಮೇಲೆ ಮೊಣಕೈಗೂ ಇಳಿಯಿತು. ಎಳೆದರೆ ಬೋಲ್ಟ್ ಕದಲುತ್ತಿಲ್ಲ. ಬೆರಳುಗಳು ನೂಲಿನಂತಾಗಿದ್ದವು. ಮೂರು ವಾರ ಯಾವುದಕ್ಕೆ ಹೆದರಿದ್ದಳೋ ಅದು ಈಗ ನಿಜವಾಗಿಯೂ ಆಗಿತ್ತು, ಕೈಯಲ್ಲಿ ಒಂದಿಷ್ಟೂ ಬಲವಿರಲಿಲ್ಲ. ಅವಳಿಗೆ ಅದರ ಗೊಡವೆಯೇ ಇರಲಿಲ್ಲ.

“ತಡೀರಿ ಡಾಕ್ಟರಮ್ಮ,” ಎಂದಳು ಕಣ್ಣೊರೆಸಿಕೊಳ್ಳುತ್ತಾ, ಸ್ಪ್ಯಾನರ್ ಬಿಡದೆ. “ಈ ನಗು ಒಂದು ನಿಲ್ಲಲಿ, ಮಾಡಿಕೊಡ್ತೀನಿ.”

ಡಾಕ್ಟರಮ್ಮ ಸ್ಟೂಲ್ ಎಳೆದುಕೊಂಡು ಕೂತರು.